ಧನುಷ್ಕೋಡಿ: ಬಿರುಗಾಳಿಗೂ ಮೊದಲೇ ಸೊರಗಿದ್ದ ನಿಲ್ದಾಣ

ಶಿರಂಗಾಲದಲ್ಲಿ ಕಾವೇರಿ ಕೊಡಗನ್ನು ಬಿಟ್ಟು ಹಾಸನ ಜಿಲ್ಲೆಯತ್ತ ಸಾಗುತ್ತಾಳೆ. ಹೊಳೆಯ ಜಾಡು ಹಿಡಿದು ಇಳಿದರೆ ಕೊಣನೂರು, ಅದರಾಚೆ ರಾಮನಾಥಪುರ. ಅಲ್ಲಿನ ಲಿಂಗವನ್ನು ರಾಮನೇ ಸ್ಥಾಪಿಸಿದನೆಂಬ ಸ್ಥಳಪುರಾಣವಿದೆ. ದೂರದ ರಾಮೇಶ್ವರಕ್ಕೆ ಹೋಗಲಾಗದವರಿಗೆ ಈ ಸೀಮೆಯಲ್ಲಿ ಇದೇ ರಾಮೇಶ್ವರ. ಹೋಗಲು ಅನುಕೂಲವಿದ್ದವರು ರಾಮೇಶ್ವರ ದ್ವೀಪದ ತುದಿಯ ಧನುಷ್ಕೋಡಿಯವರೆಗೂ ಹೋಗಿ, ಸೇತುವಿನಲ್ಲಿ ಮಿಂದು, ಅಲ್ಲಿನ ಮರಳನ್ನು ಕಾಶಿಯಾತ್ರೆಗೆಂದು ಕಟ್ಟಿಕೊಂಡು ಬರುತ್ತಿದ್ದರು. ಕನ್ನಡದ ಯಾತ್ರಿಕರು ತೀರ್ಥವೆಂದು ಬಲ್ಲ ಈ ಊರಿಗೆ ಇನ್ನೊಂದು ಬಾಳೂ ಇತ್ತು. 1914ರಿಂದ 1964ರವರೆಗೆ, ಸುಮಾರು ಐವತ್ತು ವರ್ಷ, ಅದು ರೈಲು ಮತ್ತು ಸಿಂಹಳದ (ಇಂದಿನ ಶ್ರೀಲಂಕಾ) ಹಡಗು ಕೂಡುವ ನಿಲ್ದಾಣವಾಗಿತ್ತು. ಕೊಡಗಿನಲ್ಲಿ ಇಂದಿಗೂ ರೈಲು ಹಳಿ ಇಲ್ಲ; ಹಾಗಿದ್ದರೂ ಆ ನಿಲ್ದಾಣದ ಕಥೆ ಕೊಡಗಿನವರಿಗೆ ಹೊರಗಿನದಲ್ಲ. ಅದನ್ನು ಬೆಳೆಸಿದ್ದು ಸಿಂಹಳದ ತೋಟಗಳ ಆಳು. ಅದು ಅಳಿದ ಮೇಲೆ ಚದುರಿದ ಜನರಲ್ಲಿ ಒಂದು ಪಾಲು ಬಂದು ನೆಲೆಸಿದ್ದು ಸಂಪಾಜೆ ಘಾಟಿಯ ಕೆಳಗಿನ ಸುಳ್ಯದಲ್ಲಿ.

ರೈಲು ನೀರಿನ ಅಂಚಿಗೆ ಬಂದು ನಿಂತಲ್ಲೆಲ್ಲ ಇಂಥ ನಿಲ್ದಾಣಗಳು ಹುಟ್ಟಿವೆ. ಬಿಹಾರದಲ್ಲಿ ಗಂಗೆಯ ದಡದ ಮೊಕಾಮಾ ಘಾಟ್ ಅಂಥದೊಂದು. ಹುಲಿಬೇಟೆಯ ಕಥೆಗಳಿಂದ ಕನ್ನಡಿಗರಿಗೆ ಚಿರಪರಿಚಿತನಾದ ಜಿಮ್ ಕಾರ್ಬೆಟ್ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸರಕು ದಾಟಿಸುವ ಗುತ್ತಿಗೆ ಹಿಡಿದಿದ್ದುದು ಅಲ್ಲಿಯೇ. ಪದ್ಮಾ ನದಿಯ ಗೋಲುಂಡೋ ಇನ್ನೊಂದು; ಕಲ್ಕತ್ತೆಯ ರೈಲು ಇಳಿದು ಪೂರ್ವ ಬಂಗಾಳದ ಹಡಗು ಹತ್ತುವ ಜಾಗ. ಸೇತುವೆ ಕಟ್ಟುವವರೆಗೆ ಬಾಳಿ, ಕಟ್ಟಿದ ದಿನ ಸಾಯುವುದು ಇವುಗಳ ಸಹಜ ಹಣೆಬರಹ. 1959ರಲ್ಲಿ ರಾಜೇಂದ್ರ ಸೇತು ತೆರೆದಾಗ ಮೊಕಾಮಾ ಘಾಟಿನ ಕೆಲಸ ಮುಗಿಯಿತು. ಧನುಷ್ಕೋಡಿಯ ಮುಂದೆ ಸೇತುವೆ ಏಳಲೇ ಇಲ್ಲ. ಮರಳದಿಬ್ಬಗಳ ಮೇಲೆ ಸಿಂಹಳದವರೆಗೂ ಹಳಿ ಹಾಸುವ ಯೋಜನೆ ಇದ್ದರೂ ಅದು ಕಾಗದದಲ್ಲೇ ಉಳಿಯಿತು. ಹಾಗಾದರೆ ಈ ನಿಲ್ದಾಣ ಏಕೆ ಅಳಿಯಿತು? 1964ರ ಚಂಡಮಾರುತ ಎಂಬುದು ಎಲ್ಲರ ಬಾಯಲ್ಲಿರುವ ಉತ್ತರ. ಅದು ಅರ್ಧ ಸತ್ಯ. ಜನ ಆಚೀಚೆ ದಾಟುವುದನ್ನು ಎರಡು ದಡದ ಸರ್ಕಾರಗಳು ಒಂದೊಂದೇ ಕಾಯಿದೆಯಿಂದ ನಿಲ್ಲಿಸುತ್ತ ಬಂದಿದ್ದವು. ಗಾಳಿ ಬೀಸುವ ಹೊತ್ತಿಗೆ ಆ ನಿಲ್ದಾಣಕ್ಕೆ ಇರಲು ಉಳಿದಿದ್ದ ಕಾರಣ ಬಹಳ ಕಡಿಮೆ.

ಅದು ಎದ್ದುದಕ್ಕೆ ಕಾರಣ ಹುಡುಕಲು ಕಾಫಿಗೇ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ನಡುವೆ ಸಿಂಹಳ ಕಾಫಿಯ ನಾಡು. ತಮಿಳು ಜಿಲ್ಲೆಗಳಿಂದ ಆಳುಗಳು ಕೊಯ್ಲಿನ ಕಾಲಕ್ಕೆ ದೋಣಿಯಲ್ಲಿ ಮನ್ನಾರ್ ಸೇರಿ, ಅಲ್ಲಿಂದ ಕಾಡುದಾರಿಯಲ್ಲಿ ಬೆಟ್ಟಗಳತ್ತ ನಡೆಯುತ್ತಿದ್ದರು. ಹಸಿವೆ, ಕಾಲರಾ, ಜ್ವರಗಳಿಂದ ದಾರಿಯಲ್ಲೇ ಸತ್ತವರು ಸಾವಿರಾರು. 1869ರಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡಿತು. ಎರಡು ದಶಕಗಳಲ್ಲಿ ಅಲ್ಲಿನ ಕಾಫಿ ನೆಲಕಚ್ಚಿ ಆ ಜಾಗಕ್ಕೆ ಚಹಾ ಬಂತು. ಈ ಬದಲಾವಣೆಯಲ್ಲಿ ಮುಂದಿನ ಎಲ್ಲದರ ಬೇರು ಇದೆ. ಕಾಫಿಗೆ ಕೊಯ್ಲಿನ ಹೊತ್ತಿಗೆ ಬಂದು ಹೋಗುವ ಆಳು ಸಾಕು. ಚಹಾ ಚಿಗುರನ್ನು ವರ್ಷವಿಡೀ ಕೀಳಬೇಕು, ಅದಕ್ಕೆ ಲೈನ್ ಮನೆಗಳಲ್ಲಿ ಸಂಸಾರ ಸಮೇತ ನೆಲೆಸುವ ಆಳು ಬೇಕು. ಹೀಗೆ ನೆಲೆಸಿದವರಿಗೆ ಊರಿನ ನಂಟು ಕಡಿಯದಿರಲು ಅಗ್ಗವಾದ, ದಿನವೂ ಸಿಗುವ ದಾರಿಯೂ ಬೇಕಾಯಿತು. 1901ರಿಂದ ಬಂದ ತವರದ ಬಿಲ್ಲೆಯ ಪದ್ಧತಿಯಲ್ಲಿ, ತೋಟದ ಸಂಖ್ಯೆ ಅಚ್ಚಾದ ಬಿಲ್ಲೆಯನ್ನು ಕಂಗಾಣಿ, ಅಂದರೆ ಆಳು ಕರೆತರುವ ಮೇಸ್ತ್ರಿ, ಆಳಿನ ಕೈಗಿಟ್ಟರೆ ದಾರಿಯ ಖರ್ಚೆಲ್ಲ ತೋಟದ ಲೆಕ್ಕಕ್ಕೆ ಬೀಳುತ್ತಿತ್ತು.

1914ರ ಫೆಬ್ರವರಿ 24ರಂದು ರಾಮೇಶ್ವರ ದ್ವೀಪವನ್ನು ಒಳನಾಡಿಗೆ ಜೋಡಿಸುವ ಪಾಂಬನ್ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ತುಸು ಉದ್ದದ, ನಡುವೆ ಹಡಗು ಬಂದಾಗ ಬಾಯ್ದೆರೆಯುವ ಈ ಸೇತುವೆಯಿಂದ ಸೌತ್ ಇಂಡಿಯನ್ ರೈಲ್ವೆಯ ಮೀಟರ್ ಗೇಜ್ ಹಳಿ ದ್ವೀಪದ ತುದಿಯವರೆಗೂ ಒಂದೇ ಎಳೆಯಾಯಿತು. ಅದಕ್ಕೂ ಮೊದಲು ಮದರಾಸಿನ ಬೋಟ್ ಮೇಲ್ ತೂತ್ತುಕುಡಿಗೆ ಹೋಗುತ್ತಿತ್ತು, ಅಲ್ಲಿಂದ ಕೊಲಂಬೋಗೆ ರಾತ್ರಿಯಿಡೀ ಹಡಗು. ಹೊಸ ದಾರಿಯಲ್ಲಿ ಎಗ್ಮೋರಿನಲ್ಲಿ ಹತ್ತಿದ ಪ್ರಯಾಣಿಕ ಧನುಷ್ಕೋಡಿಯ ಹಡಗುಕಟ್ಟೆಯಲ್ಲಿ ಇಳಿದು, ಸುಮಾರು 35 ಕಿ.ಮೀ. ನೀರು ದಾಟಿ, ತಲೈಮನ್ನಾರಿನಲ್ಲಿ ಕಾದಿರುವ ಕೊಲಂಬೋ ರೈಲು ಹತ್ತುತ್ತಿದ್ದ. ಒಂದೇ ಟಿಕೆಟ್ಟು. ಕರ್ಜನ್, ಎಲ್ಗಿನ್, ಹಾರ್ಡಿಂಜ್ ಎಂಬ ವೈಸರಾಯರ ಹೆಸರಿನ ಉಗಿಹಡಗುಗಳು ರೈಲ್ವೆ ಕಂಪನಿಯವೇ. ಆಮೇಲೆ ಅರ್ವಿನ್, ಗೋಶೆನ್ ಸೇರಿದವು. ಮರಳಿನ ನಾಲಗೆಯ ಮೇಲೆ ಸುಂಕದ ಕಚೇರಿ, ಅಂಚೆ, ಆಸ್ಪತ್ರೆ, ಶಾಲೆ, ಚರ್ಚು, ರೈಲ್ವೆ ವಸತಿಗಳು ಎದ್ದವು. ಇಷ್ಟೆಲ್ಲ ಇದ್ದರೂ ತೋಟದ ಆಳಿಗೆ ಇದು ಸಲೀಸಾದ ದಾರಿಯಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಮೊದಲ ದರ್ಜೆಯವರು ಪೆಟ್ಟಿಗೆಗಳೊಂದಿಗೆ ನೇರ ಹಡಗಿಗೆ ನಡೆದರೆ, ಕೂಲಿಗೆ ಹೊರಟವರನ್ನು ಮಂಟಪಂ ಶಿಬಿರದಲ್ಲಿ ರೋಗದ ಭಯಕ್ಕೆ ದಿನಗಟ್ಟಲೆ ತಡೆದಿಟ್ಟು ಪರೀಕ್ಷಿಸಿದ ಮೇಲೆಯೇ ಬಿಡುತ್ತಿದ್ದುದು. ಆದರೂ ಹೋದವರು ಮರಳುತ್ತಿದ್ದರು. ಮದುವೆಗೆ, ತಿಥಿಗೆ, ಊರಹಬ್ಬಕ್ಕೆ ಬಂದು ಮತ್ತೆ ಹೋಗುತ್ತಿದ್ದರು. ಈ ಹೋಗಿಬರುವಿಕೆಯೇ ಧನುಷ್ಕೋಡಿಯ ಜೀವ.

ಆ ಜೀವದ ಮೇಲೆ ಮೊದಲ ಪೆಟ್ಟು ಬಿದ್ದದ್ದು 1939ರ ಆಗಸ್ಟಿನಲ್ಲಿ. ಭಾರತೀಯರ ವಿರುದ್ಧ ಸಿಂಹಳ ಸರ್ಕಾರ ಕೈಗೊಂಡ ಕ್ರಮಗಳಿಗೆ ಉತ್ತರವಾಗಿ ಭಾರತ ಸರ್ಕಾರ ಕೂಲಿಯಾಳುಗಳು ಅಲ್ಲಿಗೆ ಹೋಗುವುದನ್ನೇ ನಿಷೇಧಿಸಿತು. ಎರಡನೆಯ ಪೆಟ್ಟು ಇನ್ನೂ ಆಳವಾದುದು. ಸ್ವತಂತ್ರ ಸಿಂಹಳದ 1948ರ ಪೌರತ್ವ ಕಾಯಿದೆಯಿಂದ ಏಳು ಲಕ್ಷಕ್ಕೂ ಮಿಕ್ಕ ತೋಟದ ತಮಿಳರು ಯಾವ ದೇಶಕ್ಕೂ ಸೇರದವರಾದರು. ರಜೆಗೆಂದು ಊರಿಗೆ ಹೊರಟವನಿಗೆ ಮರಳಿ ಒಳಗೆ ಬಿಡುತ್ತಾರೆಂಬ ಭರವಸೆ ಉಳಿಯಲಿಲ್ಲ. ಮೂರನೆಯದು 1964ರ ಅಕ್ಟೋಬರ್ 30ರ ಶಾಸ್ತ್ರಿ-ಸಿರಿಮಾವೋ ಒಪ್ಪಂದ: 9,75,000 ಮಂದಿಯಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಸಿಂಹಳಕ್ಕೆ, ಮಿಕ್ಕವರ ಮಾತು ಮುಂದಕ್ಕೆ. ಲಕ್ಷಗಟ್ಟಲೆ ಸಂಸಾರಗಳ ಬಾಳನ್ನು, ಅವರನ್ನು ಒಂದು ಮಾತೂ ಕೇಳದೆ, ಎರಡು ರಾಜಧಾನಿಗಳು ಹೀಗೆ ಪಾಲು ಮಾಡಿಕೊಂಡವು. ಇದಾಗಿ ಎರಡು ತಿಂಗಳು ತುಂಬುವುದರೊಳಗೆ, ಡಿಸೆಂಬರ್ 22ರ ನಡುರಾತ್ರಿಯಲ್ಲಿ, ಪಾಂಬನ್ನಿನಿಂದ ಹೊರಟ ಪ್ಯಾಸೆಂಜರ್ ರೈಲು ಧನುಷ್ಕೋಡಿ ಇನ್ನೇನು ಬಂತು ಎನ್ನುವಾಗ ಅಲೆಗಳಿಗೆ ಸಿಕ್ಕಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಮಂದಿ ಸತ್ತರು. ಊರಿಗೆ ಊರೇ ಕೊಚ್ಚಿಹೋಯಿತು.

ಇಂಥ ಸಾವಿನ ಮುಂದೆ ಕಾಯಿದೆಗಳ ಮಾತೆತ್ತುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಬರಿಯ ಮರಳಿನ ಮೇಲೆ ಊರು ಕಟ್ಟಿದ್ದೇ ತಪ್ಪು, ಸಮುದ್ರ ತನ್ನದನ್ನು ತೆಗೆದುಕೊಂಡಿತು ಎಂಬ ವಾದದಲ್ಲೂ ತೂಕವಿದೆ. ಅಲ್ಲಿ ಮತ್ತೆ ಜನರನ್ನು ನೆಲೆಗೊಳಿಸದೆ ಇದ್ದದ್ದು ವಿವೇಕವೇ. ಆದರೆ ಅದೇ ಗಾಳಿ ಪಾಂಬನ್ ಸೇತುವೆಯ ಬಹುಪಾಲು ಗರ್ಡರುಗಳನ್ನೂ ಕೆಡವಿತ್ತು. ಮುಂದೆ ಕೊಂಕಣ ರೈಲ್ವೆಯನ್ನು ಕಟ್ಟಿ ಕರಾವಳಿ ಕನ್ನಡಿಗರಿಗೂ ಬೇಕಾದವರಾದ ಇ. ಶ್ರೀಧರನ್ ಆಗ ಎಳೆಯ ಎಂಜಿನಿಯರ್. ಸಮುದ್ರದಿಂದ ಗರ್ಡರುಗಳನ್ನು ಎತ್ತಿಸಿ 46 ದಿನಗಳಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿದರು. ರಾಮೇಶ್ವರಕ್ಕೆ ಯಾತ್ರಿಕರಿದ್ದರು, ಆದ್ದರಿಂದ ಸೇತುವೆ ಎದ್ದಿತು. ಧನುಷ್ಕೋಡಿಯ ಕವಲಿಗೆ ಅಂಥ ಒತ್ತಾಯ ಯಾವ ಕಡೆಯಿಂದಲೂ ಬರಲಿಲ್ಲ. ಕೈಲಾಗದೆ ಬಿಟ್ಟದ್ದಲ್ಲ, ಬೇಡವೆಂದು ಬಿಟ್ಟದ್ದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಚಂಡಮಾರುತದ ನಂತರ ಹಡಗು ರಾಮೇಶ್ವರಕ್ಕೆ ಸ್ಥಳಾಂತರಗೊಂಡು, 1980ರ ದಶಕದ ಮೊದಲ ವರ್ಷಗಳವರೆಗೂ ತಲೈಮನ್ನಾರಿಗೆ ಓಡಿತು. ದಾರಿಯನ್ನು ಕಾಯಿದೆಗಳೇ ಕೊಂದಿದ್ದರೆ ಅದು ಮತ್ತೆರಡು ದಶಕ ಹೇಗೆ ಬಾಳಿತು? ಯಾರು ಹತ್ತಿದರು, ಯಾವ ದಿಕ್ಕಿಗೆ ಹೋದರು ಎಂದು ನೋಡಿದರೆ ಉತ್ತರ ಸಿಗುತ್ತದೆ. ವ್ಯಾಪಾರಿಗಳು, ಪ್ರವಾಸಿಗಳು ಇದ್ದರು, ನಿಜ. ಆದರೆ ಆ ವರ್ಷಗಳಲ್ಲಿ ಈ ದಾರಿಯ ದೊಡ್ಡ ಕೆಲಸ ಒಪ್ಪಂದದಂತೆ ಗಡೀಪಾರಾದವರನ್ನು ಹೊತ್ತು ತರುವುದಾಗಿತ್ತು. ಸಂಸಾರಗಳು ಪಾತ್ರೆಪಗಡಿ ಸಹಿತ ರಾಮೇಶ್ವರದಲ್ಲಿ ಇಳಿದು ಮಂಟಪಂ ಶಿಬಿರಕ್ಕೆ ಹೋಗುತ್ತಿದ್ದವು. ಅಲ್ಲಿಂದ ನೀಲಗಿರಿಗೋ, ನಮ್ಮ ಸುಳ್ಯ-ಪುತ್ತೂರಿಗೋ. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ಎದ್ದದ್ದು ಇವರ ದುಡಿಮೆಯಿಂದ. ಅಜ್ಜಂದಿರು ಹೋದ ದಾರಿಯಲ್ಲಿ ಮೊಮ್ಮಕ್ಕಳು ಬಂದರು, ಆದರೆ ಮತ್ತೆ ಹೋಗುವ ಹಕ್ಕಿರಲಿಲ್ಲ. ಒಂದೇ ದಿಕ್ಕಿಗೆ ಓಡುವ ಹಡಗು ಒಯ್ಯಬೇಕಾದವರು ಮುಗಿದೊಡನೆ ತಾನೂ ಮುಗಿಯುತ್ತದೆ. ಶ್ರೀಲಂಕಾದ ಜನಾಂಗೀಯ ಯುದ್ಧ ಅದಕ್ಕೂ ಮೊದಲೇ ಅದನ್ನು ನಿಲ್ಲಿಸಿತು. ವಿಮಾನ ಬಂದ ಮೇಲೆ ಹಡಗು ಹೇಗೂ ನಿಲ್ಲುತ್ತಿತ್ತು ಎನ್ನುವವರೂ ಇದ್ದಾರೆ. ಉಳ್ಳವರ ಮಟ್ಟಿಗೆ ಅದು ನಿಜ. ತೋಟದ ಲೈನಿನವರಿಗೆ ವಿಮಾನ ಎಂದೂ ದಾರಿಯಾಗಿರಲಿಲ್ಲ.

ಶಿರಂಗಾಲವನ್ನು ಇಲ್ಲಿಯೇ ನೆನೆಯಬೇಕು. ಕಾಫಿ ಕೊಡಗಿನಲ್ಲೂ ಇತ್ತು, ಮೈಸೂರು ಸೀಮೆಯಿಂದ ಮೇಸ್ತ್ರಿಗಳ ಕೈಯಲ್ಲಿ ಮುಂಗಡ ಪಡೆದು ಬರುವ ಆಳುಗಳೂ ಇದ್ದರು. ಕೊಡಗು ಬ್ರಿಟಿಷರ ನೇರ ಆಡಳಿತದ ಪ್ರಾಂತ, ಆಚೆ ದೇಶೀ ಸಂಸ್ಥಾನ. ಹೊಳೆ ದಾಟಿದರೆ ಆಳುವವರೇ ಬೇರೆ. ಈ ಗಡಿಯೂ ಗಟ್ಟಿಯಾಗಬಹುದಿತ್ತು. ಸ್ವಾತಂತ್ರ್ಯದ ನಂತರ ಕೆಲಕಾಲ ಕೊಡಗು ಪ್ರತ್ಯೇಕ ರಾಜ್ಯವೂ ಆಗಿತ್ತು. ಆದರೆ 1956ರ ನವೆಂಬರ್ 1ರಂದು ಎರಡೂ ದಡ ಒಂದೇ ರಾಜ್ಯವಾದವು. ಇಂದು ಕೊಣನೂರಿನಿಂದ ಕೂಲಿಗೆ ಬರುವವರನ್ನು ಯಾರೂ ಯಾವ ಕಾಗದವನ್ನೂ ಕೇಳುವುದಿಲ್ಲ. ಕಾವೇರಿಯ ನೀರಿಗೂ ಪಾಕ್ ಜಲಸಂಧಿಯ ನೀರಿಗೂ ಹೋಲಿಕೆಯಿಲ್ಲ, ಒಪ್ಪೋಣ. ಕೂಲಿಗಾಗಿ ದಾಟುವ ಜನರ ಬಾಳು ಮಾತ್ರ ಒಂದೇ ಬಗೆಯದು. ಒಂದೇ ದಶಕದ ಅಂತರದಲ್ಲಿ ಒಂದು ನೀರು ಜಿಲ್ಲೆಗಳ ಗಡಿಯಾಯಿತು, ಇನ್ನೊಂದು ದೇಶಗಳ ಗೋಡೆಯಾಯಿತು. ಎರಡೂ ಕಚೇರಿಗಳಲ್ಲಿ ಆದ ತೀರ್ಮಾನಗಳೇ.

ಈಗ ಹಳಿಯ ಮಾತು ಮತ್ತೆ ಕೇಳುತ್ತಿದೆ. ಯುದ್ಧದಲ್ಲಿ ಹಾಳಾಗಿದ್ದ ತಲೈಮನ್ನಾರ್ ಮಾರ್ಗವನ್ನು ಭಾರತದ ಇರ್ಕಾನ್ ಸಂಸ್ಥೆ ಕಟ್ಟಿಕೊಟ್ಟು, 2015ರಿಂದ ಅಲ್ಲಿಗೆ ರೈಲು ಬರುತ್ತಿದೆ. ಈಚೆ ದಡದಲ್ಲಿ ರಾಮೇಶ್ವರ-ಧನುಷ್ಕೋಡಿ ಮಾರ್ಗಕ್ಕೆ 2019ರಲ್ಲಿ ಶಂಕುಸ್ಥಾಪನೆಯಾಯಿತು. 2025ರ ಏಪ್ರಿಲಿನಲ್ಲಿ ಹೊಸ ಪಾಂಬನ್ ಸೇತುವೆ ತೆರೆಯಿತು. ಧನುಷ್ಕೋಡಿಯ ಪಾಳುಬಿದ್ದ ಚರ್ಚು ನೋಡಲು ಪ್ರವಾಸಿಗರನ್ನು ಒಯ್ಯುವುದಷ್ಟೇ ಉದ್ದೇಶವಾದರೆ 2017ರಲ್ಲಿ ತುದಿಯವರೆಗೂ ಮುಗಿದ ರಸ್ತೆಯೇ ಸಾಕು, ಆ ಮರಳಿನ ಮೇಲೆ ಮತ್ತೆ ಹಳಿ ಬೇಡ. ತಲೈಮನ್ನಾರಿಗೆ ಹಡಗು ಬಿಡುವುದಾದರೆ ಮಾತು ಬೇರೆ, ಆದರೆ ಆಗ ಮೊದಲು ಬರೆಯಬೇಕಾದದ್ದು ಎಂಜಿನಿಯರನ ಅಂದಾಜುಪಟ್ಟಿಯಲ್ಲ. ಸುಳ್ಯದ ರಬ್ಬರ್ ತೋಟದ ಕೂಲಿ ಹೆಂಗಸು ಕ್ಯಾಂಡಿಯ ಬೆಟ್ಟದಲ್ಲಿ ಉಳಿದ ಅಕ್ಕತಂಗಿಯರ ಮನೆಗೆ ಹೋಗಿ ಬರಲು ಯಾವ ಕಾಗದ ಬೇಕು, ಅದಕ್ಕೆಷ್ಟು ದುಡ್ಡು, ಅದನ್ನು ಕೊಡುವವರು ಯಾರು ಎಂಬುದನ್ನು ಎರಡೂ ಸರ್ಕಾರಗಳು ಕೂತು ಮೊದಲು ತೀರ್ಮಾನಿಸಲಿ.