ಬಾಯಿಮಾತಿಗೂ ರಸೀದಿ ಇರಲಿ

ಕೈಗಾರಿಕಾ ಪ್ರದೇಶದಲ್ಲಿ 11 ಕೆ.ವಿ. ಫೀಡರ್ ಕೆಟ್ಟಾಗ ದುರಸ್ತಿಗೆ ಬರುವ ಲೈನ್‌ಮನ್, ಕಂಬ ಹತ್ತುವ ಮುನ್ನ ಉಪಕೇಂದ್ರದಿಂದ 'ಲೈನ್ ಕ್ಲಿಯರ್' ಪಡೆಯಬೇಕು. ಫೀಡರನ್ನು ಬೇರ್ಪಡಿಸಿ, ಅರ್ತಿಂಗ್ ಮಾಡಿ, ಲೈನ್ ಕ್ಲಿಯರ್ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದ ನಂತರವೇ ಕೆಲಸ ಆರಂಭವಾಗತಕ್ಕದ್ದು. ಪಡೆದ ವ್ಯಕ್ತಿಯೇ ಅದನ್ನು ಹಿಂತಿರುಗಿಸಿದ ಮೇಲೆ ಮಾತ್ರ ಲೈನ್ ಚಾರ್ಜ್ ಮಾಡತಕ್ಕದ್ದು. ಈ ವ್ಯವಹಾರ ವಾಕಿಟಾಕಿಯಲ್ಲಿ ನಡೆದಾಗ ಒಂದು ಜೀವವು ಕೆಲವೇ ಶಬ್ದಗಳನ್ನು ನಂಬಿಕೊಂಡಿರುತ್ತದೆ.

ವಾಕಿಟಾಕಿಯಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಮಾತನಾಡಲು ಸಾಧ್ಯ. ಗುಂಡಿ ಒತ್ತಿದ ಕ್ಷಣವೇ ಮಾತು ಆರಂಭಿಸಿದರೆ ಮೊದಲ ಅಕ್ಷರಗಳು ಕೇಳಿಸುವುದಿಲ್ಲ; ಗುಂಡಿಯನ್ನು ಬೇಗ ಬಿಟ್ಟರೆ ಕೊನೆಯ ಅಕ್ಷರಗಳು ಹೋಗುತ್ತವೆ. ಕನ್ನಡಿಗರಾದ ನಾವು ಇದನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ಭಾಷೆಯಲ್ಲಿ ನಿಷೇಧವು ಕ್ರಿಯಾಪದದ ತುದಿಯಲ್ಲಿದೆ. 'ಲೈನ್ ಚಾರ್ಜ್ ಮಾಡಬೇಡಿ' ಎಂಬುದರಲ್ಲಿ ಕೊನೆಯ 'ಬೇಡಿ' ಕಡಿದುಹೋದರೆ ಆದೇಶವೇ ತಿರುವುಮುರುವಾಗುತ್ತದೆ. ಆದುದರಿಂದ 'ಲೈನ್ ಬಂದ್ ಇರಲಿ' ಎನ್ನುವುದು ಕ್ಷೇಮ. ಗದ್ದಲದಲ್ಲಿ 'ಹದಿಮೂರು', 'ಹದಿನಾರು' ಒಂದೇ ರೀತಿ ಕೇಳಿಸುತ್ತವೆ. ಫೀಡರ್ ಸಂಖ್ಯೆಯನ್ನು 'ಒಂದು, ಮೂರು' ಎಂದು ಬಿಡಿಬಿಡಿಯಾಗಿ ಹೇಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮರುನುಡಿ. ಆದೇಶ ಪಡೆದವರು 'ಆಯ್ತು ಸಾರ್' ಎಂದರೆ ಸಾಲದು. ಫೀಡರಿನ ಹೆಸರು, ಸಂಖ್ಯೆ, ಮಾಡಬೇಕಾದ ಕಾರ್ಯ ಇವಿಷ್ಟನ್ನೂ ತಾವು ಕೇಳಿದಂತೆಯೇ ತಿರುಗಿ ಹೇಳಬೇಕು. ಆದೇಶ ಕೊಟ್ಟವರು 'ಸರಿ' ಎಂದ ಮೇಲೆಯೇ ಕೈ ಹಾಕಬೇಕು. ಮಾತು ಅರ್ಧದಲ್ಲಿ ತುಂಡಾದರೆ ಊಹಿಸಿಕೊಳ್ಳದೆ ಮೊದಲಿನಿಂದ ಕೇಳಬೇಕು. ವೋಚರ್ ಇಲ್ಲದ ಪಾವತಿಯನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ. ಮರುನುಡಿಯು ಮಾತಿನ ವೋಚರ್.

ಇದು ವಿದ್ಯುತ್ ಕಂಪನಿಯ ಸಿಬ್ಬಂದಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಉದ್ಯಮಿಗಳು ಭಾವಿಸಬಾರದು. ಚೇಂಜ್‌ಓವರ್ ಸ್ವಿಚ್ ಸರಿಯಿಲ್ಲದ ಕಾರ್ಖಾನೆಯಲ್ಲಿ ಜನರೇಟರ್ ಚಾಲೂ ಮಾಡಿದರೆ, ಅದರ 415 ವೋಲ್ಟ್ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಹರಿದು, ಬಂದ್ ಆಗಿರುವ ಲೈನಿನಲ್ಲಿ 11,000 ವೋಲ್ಟ್ ಆಗಬಲ್ಲದು. 'ನಿಮ್ಮ ಜನರೇಟರ್ ಬೇರೆಯಾಗಿದೆಯೇ?' ಎಂದು ಲೈನ್‌ಮನ್ ಕೇಳಿದಾಗ ನಮ್ಮ ಎಲೆಕ್ಟ್ರಿಷಿಯನ್ ಸ್ವಿಚ್ಚನ್ನು ಕಣ್ಣಾರೆ ನೋಡಿ ಉತ್ತರಿಸಬೇಕು.

ಕಾರ್ಖಾನೆಗೆ ವಾಕಿಟಾಕಿ ಕೊಳ್ಳುವ ಸದಸ್ಯರು ಅದರ ತರಂಗಾಂತರವನ್ನೂ ವಿಚಾರಿಸಬೇಕು. ಕೆಲವು ಅಲ್ಪಶಕ್ತಿಯ ತರಂಗಾಂತರಗಳಿಗೆ ಮಾತ್ರ ಪರವಾನಗಿಯಿಂದ ವಿನಾಯಿತಿಯಿದೆ. ಉಳಿದವುಗಳಿಗೆ ದೂರಸಂಪರ್ಕ ಇಲಾಖೆಯ ಅನುಮತಿ ಅಗತ್ಯ. ನಿಯಮಬಾಹಿರ ಆನ್‌ಲೈನ್ ಮಾರಾಟವನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮಾರಾಟಗಾರರೂ ಇದನ್ನು ಗಮನಿಸುವುದು ಒಳಿತು.

ಮರುನುಡಿಗೆ ಹಿಡಿಯುವ ಸಮಯ ಹತ್ತು ಸೆಕೆಂಡು. ಖರ್ಚು ಏನೂ ಇಲ್ಲ. ಆದೇಶದ ವೇಳೆ, ಕೊಟ್ಟವರು, ಪಡೆದವರು ಇವರ ಹೆಸರು ಬರೆಯಲು ಒಂದು ನೋಟ್‌ಬುಕ್ ಸಾಕು. ಸದಸ್ಯರು ಈ ತಿಂಗಳೇ ತಮ್ಮ ಸ್ವಿಚ್‌ಬೋರ್ಡಿನ ಪಕ್ಕದಲ್ಲಿ ಅದನ್ನು ಇರಿಸಲಿ.