ಗುಣಿಸಿದರೆ ಹಾರ

1234 ಕೋಟಿ 56 ಲಕ್ಷ 54 ಸಾವಿರದ 321. ಕಿವಿಗೆ ಬಜೆಟ್ಟಿನ ಯಾವುದೋ ಬಾಬ್ತಿನಂತೆ ಕೇಳಿಸುವ ಇದನ್ನು ಅಂಕಿಯಲ್ಲಿ ಬರೆದು ನೋಡಿ: 12345654321. ಒಂದರಿಂದ ಆರರವರೆಗೆ ಮೆಟ್ಟಿಲು ಹತ್ತಿ, ಹತ್ತಿದ ದಾರಿಯಲ್ಲೇ ಇಳಿಯುತ್ತದೆ. ಯಾವ ತುದಿಯಿಂದ ಓದಿದರೂ ಒಂದೇ.

ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದರು. ಅದರ ಗುಣಾಕಾರದ ಭಾಗದಲ್ಲಿ ಈ ಸಂಖ್ಯೆ ಬರುತ್ತದೆ. ಅವರು ಕೊಟ್ಟ ಲೆಕ್ಕ 27994681 × 441. ಇಂಥ ಎಡಬಲ ಸಮನಾದ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸುತ್ತಾರೆ.

ಈ ಹಾರ ಕಟ್ಟುವ ನೇರ ದಾರಿ ಬೇರೆಯೇ ಇದೆ. 111111ನ್ನು ಅದರಿಂದಲೇ ಗುಣಿಸಿದರೆ ಸಾಕು. ಚೌಕುಳಿ ಹಾಳೆಯ ಮೇಲೆ ಆರು ಒಂದುಗಳ ಸಾಲು ಬರೆಯಿರಿ. ಅದರ ಕೆಳಗೆ ಒಂದು ಮನೆ ಎಡಕ್ಕೆ ಸರಿಸಿ ಅದೇ ಸಾಲು, ಹೀಗೆ ಆರು ಸಾಲು. ಈಗ ಕಂಬಸಾಲಾಗಿ ಕೂಡಿ. ಬಲತುದಿಯಲ್ಲಿ ಒಂದೇ ಒಂದು, ಪಕ್ಕದಲ್ಲಿ ಎರಡು, ನಡುಮಧ್ಯೆ ಆರು, ಆಮೇಲೆ ಮತ್ತೆ ಇಳಿಕೆ. ಎಲ್ಲೂ ದಶಕ ಬರುವುದಿಲ್ಲ, ಅದಕ್ಕೇ ಅಂಕಿಗಳು ಕೆಡದೆ ಉಳಿಯುತ್ತವೆ. ಒಂಬತ್ತು ಒಂದುಗಳವರೆಗೂ ಇದು ನಡೆಯುತ್ತದೆ. ಹತ್ತನೆಯ ಒಂದು ಸೇರಿತೋ, ನಡುವಿನ ಕಂಬಸಾಲಿನಲ್ಲಿ ಹತ್ತಾಗಿ ದಶಕ ಪಕ್ಕಕ್ಕೆ ಹೋಗುತ್ತದೆ, ಬರುವುದು 1234567900987654321. ಎಂಟು ಕಾಣೆಯಾಗಿ ಹಾರ ಅಲ್ಲೇ ತುಂಡಾಗುತ್ತದೆ.

ಹಾಗಾದರೆ ಆಚಾರ್ಯರು 111111 × 111111 ಎಂದೇ ಏಕೆ ಕೇಳಲಿಲ್ಲ? ಆ ಸಂಖ್ಯೆಯನ್ನು ಬಿಡಿಸಿದರೆ 3 × 7 × 11 × 13 × 37, ಐದೂ ಅವಿಭಾಜ್ಯಗಳು. ಅವುಗಳಲ್ಲಿ 3 ಮತ್ತು 7ನ್ನು ಗುಣಿಸಿದರೆ 21, ಅದರ ವರ್ಗ 441. ಉಳಿದ ಮೂರನ್ನು ಗುಣಿಸಿದರೆ 5291, ಅದರ ವರ್ಗ 27994681. ಹಾರದ ಮಣಿಗಳನ್ನು ಎರಡು ಪಾಲು ಮಾಡಿ ಶಿಷ್ಯನ ಎರಡು ಕೈಗೆ ಕೊಟ್ಟಂತಿದೆ. ಆರು ಒಂದುಗಳನ್ನು ನೋಡಿದವನು ಉತ್ತರದ ರೂಪವನ್ನು ಮೊದಲೇ ಊಹಿಸಬಹುದು. 27994681ರ ಮುಖ ನೋಡಿ ಯಾರೂ ಊಹಿಸಲಾರರು. ಬೇಕೆಂದೇ ಹೀಗೆ ಮುಚ್ಚಿಟ್ಟರು ಎನ್ನುವುದು ನನ್ನ ನಂಬಿಕೆ, ಏಕೆಂದರೆ ಅದೇ ಗ್ರಂಥದಲ್ಲಿ 152207 × 73 ಎಂಬ ಇನ್ನೊಂದು ಲೆಕ್ಕವಿದೆ. ಗುಣಿಸಿದರೆ ಸಾಲಾಗಿ ಎಂಟು ಒಂದುಗಳು.

ಹಾರದ ಐದು ಅವಿಭಾಜ್ಯಗಳೂ ಎರಡೆರಡು ಸಲ ಇರುವುದರಿಂದ ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243. ಅಂಕಿಗಳನ್ನು ಕೂಡಿದರೆ 36, ಅದೂ ನಡುವಿನ ಆರರ ವರ್ಗ.

ಗಣಿತಸಾರಸಂಗ್ರಹ 24 ಸ್ಥಾನಗಳಿಗೆ ಹೆಸರು ಹೇಳುತ್ತದೆ, ಕೊನೆಯದು ಮಹಾಕ್ಷೋಭ. ನಾವು ಕೋಟಿ ದಾಟಿದ ಮೇಲೆ ಸಾವಿರ ಕೋಟಿ, ಲಕ್ಷ ಕೋಟಿ ಎಂದು ಹಳೆಯ ಹೆಸರನ್ನೇ ಮಡಚಿ ಬಳಸುತ್ತೇವೆ. ಆ ಪಟ್ಟಿಯಲ್ಲಿ ಹಾರದ ಎಡತುದಿಯ ಒಂದು ಕೂರುವುದು ಹನ್ನೊಂದನೆಯ ಮನೆಯಲ್ಲಿ. ಅದರ ಹೆಸರು ಅರ್ಬುದ.