ಅದಿರಿನ ಧೂಳು, ಮಣ್ಣಿನ ಉಸಿರು

ಒಂದು ಗ್ರಾಂ ಫಲವತ್ತಾದ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಇರುತ್ತವೆ. ಅವುಗಳ ಜೊತೆಗೆ ಶಿಲೀಂಧ್ರಗಳು, ಆಕ್ಟಿನೊಮೈಸೀಟ್‌ಗಳು, ಅವನ್ನೆಲ್ಲ ತಿಂದು ಬದುಕುವ ಪ್ರೊಟೊಜೋವಾಗಳೂ ಇರುತ್ತವೆ. ಉದುರಿದ ದರಕನ್ನು ಕೊಳೆಸಿ ಗೊಬ್ಬರವಾಗಿಸುವುದು, ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತರುವುದು, ಮಣ್ಣಿನ ಕಣಗಳನ್ನು ಅಂಟಿಸಿ ಹುಡಿಯಾಗಿ ಉಳಿಸುವುದು ಇವುಗಳ ಕೆಲಸ. ಮೊದಲ ಮಳೆಗೆ ಏಳುವ ಮಣ್ಣಿನ ಕಂಪಿಗೂ ಇವೇ ಕಾರಣ: ಆಕ್ಟಿನೊಮೈಸೀಟ್‌ಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವಿನ ವಾಸನೆ ಅದು. ಈ ಜೀವಿಗಳಿಗೆ ತೊಂದರೆಯಾಗಲು ವಿಷವೇ ಬೀಳಬೇಕೆಂದಿಲ್ಲ. ಮಣ್ಣಿನೊಳಗಿನ ಗಾಳಿ, ನೀರು, ಉಪ್ಪುಗಳ ಅಳತೆ ತಪ್ಪಿದರೂ ಸಾಕು. ಅಂಕೋಲಾ ತಾಲ್ಲೂಕಿನ ಬೇಲೆಕೇರಿಯಲ್ಲಿ ಈ ಮಾತನ್ನು ವಿವರವಾಗಿ ನೋಡಬಹುದು.

ಕರಾವಳಿಯ ಮೂರು ಮಣ್ಣು

ಬೇಲೆಕೇರಿಯ ಸುತ್ತಲಿನ ಕರಾವಳಿಯಲ್ಲಿ ಮೂರು ಬಗೆಯ ನೆಲ ಒತ್ತೊತ್ತಾಗಿವೆ. ಗುಡ್ಡದ ಮೇಲೆ ಕೆಂಪು ಜಂಬಿಟ್ಟಿಗೆ ಮಣ್ಣು. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಸುರಿಯುವ ಮಳೆ ಇದರ ಸಾರವನ್ನು ತೊಳೆದೊಯ್ದು ಹುಳಿಯಾಗಿಸಿದೆ. ಇಲ್ಲಿನ ಕಬ್ಬಿಣದ ಆಕ್ಸೈಡ್‌ಗಳು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೇರಿನೊಡನೆ ಬಾಳುವ ಮೈಕೊರೈಜಾ ಶಿಲೀಂಧ್ರಗಳು ತಮ್ಮ ಎಳೆಗಳನ್ನು ದೂರ ಚಾಚಿ, ಸಿಗುವಷ್ಟು ರಂಜಕವನ್ನು ಗಿಡಕ್ಕೆ ತಂದುಕೊಡುತ್ತವೆ. ತಗ್ಗಿನಲ್ಲಿ ಗಜನಿ ಭೂಮಿ ಇದೆ: ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಭತ್ತ, ಉಳಿದ ತಿಂಗಳಲ್ಲಿ ಸಿಗಡಿ, ಮೀನು. ಅಳಿವೆಯ ಅಂಚಿನ ಕೆಸರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆಯುತ್ತದೆ.

ಗುಡ್ಡದ ಮಣ್ಣಿನ ಜೀವಿಗಳು ಆಮ್ಲಜನಕವನ್ನು ಉಸಿರಾಡುತ್ತವೆ. ನೀರು ನಿಂತ ಕೆಸರಿನಲ್ಲಿ ಅದು ಬೇಗ ಮುಗಿದುಹೋಗುತ್ತದೆ. ಆಗ ಬೇರೆ ಜೀವಿಗಳು ಮುಂದೆ ಬಂದು ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್‌ಗಳನ್ನು ಆಮ್ಲಜನಕದ ಬದಲಿಗೆ ಬಳಸುತ್ತವೆ. ಕೊನೆಗೆ ಮೀಥೇನ್ ಹುಟ್ಟಿಸುವ ಜೀವಿಗಳ ಸರದಿ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಹೇರಳವಾಗಿರುವುದರಿಂದ ಕಾಂಡ್ಲಾ ಕೆಸರಿನಲ್ಲಿ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳದೇ ಮೇಲುಗೈ. ಆ ಕೆಸರಿನ ಕಪ್ಪು ಬಣ್ಣವೂ ಕೊಳೆತ ಮೊಟ್ಟೆಯ ವಾಸನೆಯೂ ಅವುಗಳ ಕೆಲಸದ ಫಲ.

ಅದಿರು ಬಂದ ಕಾಲ

2000ದ ದಶಕದಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆ ಭಾಗದ ಕಬ್ಬಿಣದ ಅದಿರು ಲಾರಿಗಳಲ್ಲಿ ಅರಬೈಲು ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಬಂತು. ಬಯಲಿನಲ್ಲೇ ರಾಶಿ ಹಾಕಿದ ಅದಿರನ್ನು ಹಡಗುಗಳಿಗೆ ತುಂಬಿ ಹೊರದೇಶಕ್ಕೆ ಕಳುಹಿಸಲಾಗುತ್ತಿತ್ತು. 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಇಲ್ಲಿ ಸುಮಾರು 8 ಲಕ್ಷ ಟನ್ ಅದಿರನ್ನು ಮುಟ್ಟುಗೋಲು ಹಾಕಿಕೊಂಡಿತು. ಅದರಲ್ಲಿ ದೊಡ್ಡ ಪಾಲು ಕೆಲವೇ ತಿಂಗಳಲ್ಲಿ ಕಾಣೆಯಾಯಿತು. ಅದೇ ವರ್ಷದ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಈ ಪ್ರಕರಣದ ಲೆಕ್ಕವೆಲ್ಲ ಟನ್ನು ಮತ್ತು ರೂಪಾಯಿಗಳಲ್ಲಿ ನಡೆಯಿತು. ಅದಿರು ಬಿದ್ದ ನೆಲಕ್ಕೆ ಏನಾಗುತ್ತದೆ ಎಂಬುದು ಅಷ್ಟೇ ಮುಖ್ಯವಾದ ಇನ್ನೊಂದು ಲೆಕ್ಕ.

ಧೂಳು ಮಾಡುವ ಕೆಲಸ

ಹೆಮಟೈಟ್ ಅದಿರು ಒಣ ನೆಲದಲ್ಲಿ ನೀರಿಗೆ ಕರಗುವುದಿಲ್ಲ. ಹಾಗಾಗಿ ಅದರ ಮೊದಲ ಹಾನಿ ವಿಷದಿಂದಲ್ಲ, ಕಣದಿಂದ. ನಯವಾದ ಧೂಳು ಮಣ್ಣಿನ ಸಂದುಗಳನ್ನು ತುಂಬುತ್ತದೆ, ಭಾರದ ಲಾರಿಗಳು ಅದನ್ನು ಒತ್ತಿ ಗಟ್ಟಿ ಮಾಡುತ್ತವೆ. ಮಳೆನೀರು ಇಂಗದೆ ಮೇಲೆಯೇ ಹರಿಯುತ್ತದೆ, ಗಾಳಿ ಒಳಗೆ ಇಳಿಯುವುದಿಲ್ಲ. ಗಾಳಿ ಬೇಕಾದ, ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಹಿಂದೆ ಬೀಳುತ್ತವೆ. ಇದ್ದ ನೈಟ್ರೇಟನ್ನು ಬೇರೆ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಬಳಸುವುದರಿಂದ ಗಿಡಕ್ಕೆ ಸಿಗಬೇಕಾದ ಸಾರಜನಕ ಗಾಳಿಗೆ ಹೋಗುತ್ತದೆ. ಅದರಲ್ಲಿ ಒಂದಿಷ್ಟು ನೈಟ್ರಸ್ ಆಕ್ಸೈಡ್ ರೂಪದಲ್ಲಿರುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲಶಾಲಿ. ಎಲೆಯ ಮೇಲೆ ಕೂತ ಧೂಳು ಬಿಸಿಲನ್ನು ತಡೆಯುತ್ತದೆ. ಎಲೆ ತಯಾರಿಸುವ ಸಕ್ಕರೆ ಕಡಿಮೆಯಾದಂತೆ ಬೇರು ಹೊರಬಿಡುವ ಸಕ್ಕರೆಯೂ ಕಡಿಮೆಯಾಗಿ, ಅದನ್ನೇ ನೆಚ್ಚಿದ ಜೀವಿಗಳು ಹಸಿಯುತ್ತವೆ.

ಧೂಳು ಮಳೆಯಲ್ಲಿ ಕೊಚ್ಚಿಹೋಗಿ ಗದ್ದೆಯ ಕೆಸರನ್ನು ಸೇರಿದರೆ ಕಥೆ ಬೇರೆ. ಗಾಳಿ ಇಲ್ಲದ ಆ ಕೆಸರಿನಲ್ಲಿ ಜಿಯೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಕಬ್ಬಿಣವನ್ನೇ ಉಸಿರಾಟಕ್ಕೆ ಬಳಸಿ, ಕರಗದ ಕಬ್ಬಿಣವನ್ನು ಕರಗುವ ಕಬ್ಬಿಣವಾಗಿಸುತ್ತವೆ. ಕಣ ಸಣ್ಣದಾದಷ್ಟೂ ಅದರ ಮೈ ಹೆಚ್ಚು ತೆರೆದಿರುವುದರಿಂದ ಇವುಗಳ ಕೆಲಸ ಸುಲಭ. ಭತ್ತದ ಬೇರು ಮಿತಿಮೀರಿ ಕಬ್ಬಿಣ ಹೀರಿದಾಗ ಎಲೆಗಳಲ್ಲಿ ಕಂದು ಚುಕ್ಕಿ ಕಾಣಿಸಿ ಬೆಳೆ ಕುಗ್ಗುತ್ತದೆ. ಇಂಥ ಗದ್ದೆಯ ಭತ್ತ ಕಂದಿದರೆ, ಅದಕ್ಕೆ ಬೇರಿನ ಕೆಳಗಿನ ಈ ಬದಲಾವಣೆ ಕಾರಣವಾಗಿರಬಹುದು.

ಕಟ್ಟೆ, ಕೆಸರು, ಎಣ್ಣೆ

ಅದಿರಿನ ಹೊರತಾಗಿಯೂ ಕರಾವಳಿಯ ಮಣ್ಣಿನ ಸಮತೋಲ ಕೆಡುವ ದಾರಿಗಳಿವೆ. ಗಜನಿಯ ಕಟ್ಟೆ ಒಡೆದು ವರ್ಷವಿಡೀ ಉಪ್ಪುನೀರು ನಿಂತರೆ, ಉಪ್ಪನ್ನು ತಾಳಲಾರದ ಜೀವಿಗಳ ಕೋಶದಿಂದ ನೀರು ಹೊರಬಿದ್ದು ಅವು ಸಾಯುತ್ತವೆ. ಸಲ್ಫೇಟ್ ಬಳಸುವ ಗುಂಪು ಬೆಳೆದು, ಬೇರಿಗೆ ವಿಷವಾದ ಹೈಡ್ರೊಜನ್ ಸಲ್ಫೈಡ್ ಹೆಚ್ಚುತ್ತದೆ. ಕಾಂಡ್ಲಾ ಕಡಿದು ಕೆಸರನ್ನು ಅಗೆದು ದಂಡೆಗೆ ಹಾಕಿದರೆ ಇದಕ್ಕಿಂತ ದೊಡ್ಡ ಕೇಡು. ನೀರಿನಡಿ ತೆಪ್ಪಗಿದ್ದ ಕಬ್ಬಿಣದ ಸಲ್ಫೈಡ್ ಗಾಳಿಗೆ ಸಿಕ್ಕೊಡನೆ, ಗಂಧಕ ಮತ್ತು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾಗಳ ನೆರವಿನಿಂದ ಗಂಧಕಾಮ್ಲವಾಗುತ್ತದೆ. ಮಣ್ಣಿನ ಪಿಎಚ್ 4ಕ್ಕಿಂತ ಕೆಳಗಿಳಿದು, ಕರಗಿದ ಅಲ್ಯೂಮಿನಿಯಂ ಬೇರನ್ನೂ ಮೀನನ್ನೂ ಕೊಲ್ಲುತ್ತದೆ. ಮೀನುಗಾರಿಕೆ ದೋಣಿಗಳಿಂದ ಚೆಲ್ಲಿದ ಡೀಸೆಲ್ಲನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾಗಳು ದಡದ ಮಣ್ಣಿನಲ್ಲೇ ಇರುತ್ತವೆ. ಆದರೆ ಅವುಗಳಿಗೂ ಆಮ್ಲಜನಕ, ಸಾರಜನಕ, ರಂಜಕ ಬೇಕು; ಗಾಳಿಯಿಲ್ಲದ ಕೆಸರಿನಲ್ಲಿ ಎಣ್ಣೆ ವರ್ಷಗಟ್ಟಲೆ ಉಳಿಯುತ್ತದೆ.

ಚೇತರಿಕೆ

ಹಾಳಾದ ನೆಲಕ್ಕೆ ಸೂಕ್ಷ್ಮಜೀವಿಗಳನ್ನು ತಂದು ಸುರಿದರೆ ಸಾಲದು. ಅವು ಬದುಕುವ ಸ್ಥಿತಿಯನ್ನು ಮೊದಲು ಮರಳಿಸಬೇಕು. ಅದಿರಿನ ಪದರವನ್ನು ಕೆರೆದು ತೆಗೆಯುವುದು, ಗಟ್ಟಿಯಾದ ನೆಲವನ್ನು ಸಡಿಲಿಸುವುದು, ರಾಶಿಯ ಸುತ್ತ ಕಾಲುವೆ ತೋಡಿ ಹರಿಯುವ ನೀರನ್ನು ಹೊಂಡದಲ್ಲಿ ತಿಳಿಯಾಗಿಸುವುದು ಮೊದಲ ಹೆಜ್ಜೆ. ಆಮೇಲೆ ಸಗಣಿ ಗೊಬ್ಬರ, ಸೊಪ್ಪು, ದರಕು. ಉತ್ತರ ಕನ್ನಡದ ರೈತರು ಸೊಪ್ಪಿನ ಬೆಟ್ಟದಿಂದ ತಲೆಮಾರುಗಳಿಂದ ತಂದು ಹಾಕುತ್ತಿರುವುದೂ ಇದನ್ನೇ. ಗುಡ್ಡದಲ್ಲಿ ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುವ ದ್ವಿದಳ ಗಿಡಗಳು ಮೊದಲು ನೆಲೆಯೂರಿದರೆ ಉಳಿದವಕ್ಕೆ ದಾರಿಯಾಗುತ್ತದೆ. ಅಳಿವೆಯಲ್ಲಿ ಭರತ-ಇಳಿತದ ನೀರು ಮೊದಲಿನಂತೆ ಓಡಾಡಲು ಬಿಟ್ಟರೆ ಕಾಂಡ್ಲಾದ ಬೀಜ ತಾನೇ ಬಂದು ನಾಟುತ್ತದೆ. ಬಂದರು, ರಸ್ತೆ, ಗಣಿಯ ಯೋಜನೆಗಳು ತಯಾರಾಗುವಾಗಲೇ ಮಣ್ಣಿನೊಳಗಿನ ಈ ಬದುಕಿಗೂ ಲೆಕ್ಕ ಸಿಗಬೇಕು. ಧೂಳು ಏಳದಂತೆ ರಾಶಿಗೆ ಹೊದಿಕೆ ಹಾಕುವ ಖರ್ಚು, ಉಸಿರುಕಟ್ಟಿದ ಮಣ್ಣನ್ನು ಮತ್ತೆ ಗದ್ದೆಯಾಗಿಸುವ ಖರ್ಚಿಗಿಂತ ಎಷ್ಟೋ ಕಡಿಮೆ.